ಮಗ್ರಿಬ್‌ಗೆ ಹದಿನೆಂಟು ನಿಮಿಷ ಮೊದಲು

ಉಣ್ಣೆಯ ಟೊಪ್ಪಿ ನೋಡಿದಾಗಲೇ ನನಗೆ ಬುದ್ಧಿ ಬರಬೇಕಿತ್ತು. ಜನವರಿಯೇ ಇರಲಿ, ದುಬೈಯಲ್ಲಿ ಉಣ್ಣೆಯ ಟೊಪ್ಪಿ ಯಾರು ಹಾಕುತ್ತಾರೆ? ಆದರೆ ನ್ಯೂಜೆರ್ಸಿಯ ಯಹೂದಿ ಪ್ರಾರ್ಥನಾ ಮಂದಿರದಿಂದ ಬಂದ ಹತ್ತೊಂಬತ್ತು ಮಂದಿ ಎರಡು ಸೂಟ್‌ಕೇಸ್ ತುಂಬ ಅದನ್ನೇ ತಂದಿದ್ದರು, ಇಲ್ಲಿನ ಕಾರ್ಮಿಕರಿಗೆ ಹಂಚಲು. ಹೆಣೆದದ್ದು ಎಪ್ಪತ್ತೆಂಟು ವರ್ಷದ ರೊಸಲಿನ್ ಅಜ್ಜಿ. ಇಡೀ ವರ್ಷ ಹೆಣೆದರಂತೆ, ಪಾಪ.

ನಾನು ಝಾಹಿದ್, ಭಟ್ಕಳದವನು, ಟೂರ್ ಕಂಪನಿಯ ಗೈಡ್. ಅದು 2019, ಸರಕಾರವೇ ‘ಸಹಿಷ್ಣುತೆಯ ವರ್ಷ’ ಎಂದು ಸಾರಿದ್ದ ಕಾಲ. ಆ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮ ಮಾಲೀಕ ಸಾಲಿಮ್ ಭಾಯ್ ಹೊಸ ಪ್ಯಾಕೇಜ್ ಮಾಡಿಬಿಟ್ಟ: ಮೂರು ದಿನ ನೋಡುವುದು, ಅರ್ಧ ದಿನ ಕೊಡುವುದು. ಎತ್ತರದ ಕಟ್ಟಡ, ಒಂಟೆ, ದೊಡ್ಡ ಮಸೀದಿ, ಆಮೇಲೆ ಬಡವರು.

“ಮೊದಲನೇ ಯಹೂದಿ ಗ್ರೂಪ್ ಇದು,” ಎಂದ ಸಾಲಿಮ್ ಭಾಯ್. “ಒಂದೇ ಒಂದು ಕಂಪ್ಲೇಂಟ್ ಬಂತೋ, ಮಾರ್ಚ್‌ನಲ್ಲಿ ನಿನ್ನ ವೀಸಾ ರಿನೀವಲ್ ಮಾಫಿ, ಇಲ್ಲವೇ ಇಲ್ಲ. ಖಲಾಸ್.”

ನನ್ನ ವೀಸಾ ಹೋದರೆ ನನ್ನೊಬ್ಬನದೇ ಹೋಗುವುದಲ್ಲ. ಹೆಂಡತಿ ಉಝ್ಮಾ, ಮಗಳು ಅಸೀಲಾ ಇಬ್ಬರೂ ಅದರ ಮೇಲೆಯೇ ಇಲ್ಲಿರುವವರು. ಅಸೀಲಾ ಇಲ್ಲೇ ದುಬೈಯ ಅಲ್ ಬರ್ಷಾದಲ್ಲಿ ಹುಟ್ಟಿದವಳು. ಭಟ್ಕಳಕ್ಕೆ ಹೋಗೋಣವೇ ಎಂದು ಕೇಳಿದರೆ “ಫಾರ್ ಹೌ ಮೆನಿ ಡೇಸ್?” ಎನ್ನುತ್ತಾಳೆ. ನನಗೆ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ.

ಗುಂಪಿನ ಗುರು ರಬ್ಬಿ ಹರ್ಬರ್ಟ್ ಮೊದಲ ದಿನವೇ ವಿವರಿಸಿದ್ದರು. ಶುಕ್ರವಾರ ಸಂಜೆ ಅವರ ಸಬ್ಬತ್ ಶುರು. ಶನಿವಾರ ಕತ್ತಲಾಗುವವರೆಗೆ ಬಸ್ಸು ಹತ್ತುವಂತಿಲ್ಲ, ಸ್ವಿಚ್ ಮುಟ್ಟುವಂತಿಲ್ಲ. “ಅದೆಲ್ಲ ನನಗೆ ಬಿಡಿ,” ಎಂದೆ. ದಿನ ಸಂಜೆಗೇ ಶುರುವಾಗುವುದು ನಮಗೇನು ಹೊಸತೇ? ಗುರುವಾರ ಸೂರ್ಯ ಮುಳುಗಿ ಮಗ್ರಿಬ್ ನಮಾಜಿನ ಹೊತ್ತಾದರೆ ನಮ್ಮಲ್ಲೂ ಶುಕ್ರವಾರವೇ. ಆದರೆ ಮಗ್ರಿಬ್ ಎಂದರೆ ನನ್ನ ತಲೆಯಲ್ಲಿ ರಮ್ಜಾನಿನ ಲೆಕ್ಕ: ಉಪವಾಸ ಬಿಡುವ ಅಝಾನಿಗೆ ಹತ್ತು ನಿಮಿಷ ಇರುವಾಗ ಗಾಡಿ ಓಡಿಸುವುದು, ತಡವಾದರೆ ಸಿಗ್ನಲ್‌ನಲ್ಲಿ ಯಾರೋ ಕೊಟ್ಟ ಖರ್ಜೂರ ಬಾಯಿಗೆ ಹಾಕಿಕೊಂಡು ಮತ್ತೆ ಓಡಿಸುವುದು. ಅವರಲ್ಲಿ ಹಾಗಲ್ಲ. ಸೂರ್ಯ ಮುಳುಗುವ ಹದಿನೆಂಟು ನಿಮಿಷ ಮೊದಲೇ ದೀಪ ಹಚ್ಚಬೇಕು, ಅಲ್ಲಿಗೆ ಎಲ್ಲವೂ ಬಂದ್. ಇದನ್ನು ರಬ್ಬಿ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ನಾನು ಅದನ್ನು ಮಡಚಿ ಜೇಬಿನಲ್ಲಿಟ್ಟಿದ್ದೆ.

ಶುಕ್ರವಾರ ಮಧ್ಯಾಹ್ನ ದುಬೈಯಿಂದ ಗಂಟೆ ದೂರದ ಬನಿಯಾಸ್ ಆಚೆಯ ಲೇಬರ್ ಕ್ಯಾಂಪಿಗೆ ಹೋದೆವು. ಅಲ್ಲಿ ನನ್ನ ಪರಿಚಯದವನು ಜುವಾಕಿಂ, ಕಾರ್ಕಳದ ಕಡೆಯವನು, ಕಟ್ಟಡಕ್ಕೆ ಕಬ್ಬಿಣ ಕಟ್ಟುವ ಕೆಲಸ. ವಾರದಲ್ಲಿ ಆರು ದಿನ ಬೆಳಿಗ್ಗೆ ನಾಲ್ಕೂವರೆಗೆ ಕಂಪನಿ ಬಸ್ಸು. ಶುಕ್ರವಾರ ಒಂದು ದಿನ ಮನಸಾರೆ ನಿದ್ದೆ. ಆ ನಿದ್ದೆಯಿಂದಲೇ ನಾನು ಅವನನ್ನೂ ಅವನ ಜೊತೆಯವರನ್ನೂ ಎಬ್ಬಿಸಿ ಸಾಲಾಗಿ ನಿಲ್ಲಿಸಿದೆ.

“ಎಂತ ಮಾರಾಯ್ರೆ, ಈ ಸೆಖೆಗೆ ಉಣ್ಣೆಯಾ?” ಎಂದ ಜುವಾಕಿಂ ಮೆಲ್ಲಗೆ.

“ಹಾಕು, ಒಂದು ಫೋಟೋಕ್ಕೆ.”

ಒಂದು ಫೋಟೋದಲ್ಲಿ ಮುಗಿಯಲಿಲ್ಲ. ಮೊದಲನೆಯದರಲ್ಲಿ ಜುವಾಕಿಂ ಆಕಳಿಸಿದ್ದ. ಎರಡನೆಯದರಲ್ಲಿ ಯಾರೂ ನಕ್ಕಿರಲಿಲ್ಲ. ಟೊಪ್ಪಿ ವಾಪಸು ತೆಗೆದುಕೊಂಡು ಮತ್ತೆ ಕೊಟ್ಟರು, ಮೂರು ಸಲ. ಮೂರನೇ ಸಲ ಬೆವರು ಇಳಿಯುತ್ತಿತ್ತು, ಅದನ್ನು ಕಣ್ಣೀರೆಂದು ತಿಳಿದು ರೊಸಲಿನ್ ಅಜ್ಜಿಯೂ ಅತ್ತರು. ಮೂರೂವರೆಗೆ ಹೊರಡಬೇಕಾದ ಬಸ್ಸು ನಾಲ್ಕೂಕಾಲಿಗೆ ಹೊರಟಿತು. ರಬ್ಬಿ ಎರಡು ಸಲ ಗಡಿಯಾರ ತೋರಿಸಿದರು. ನಾನು ಎರಡು ಸಲವೂ ಇನ್ಶಾ ಅಲ್ಲಾಹ್ ಎಂದೆ.

ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಮುಂದೆ ಟ್ರೇಲರ್ ಮಗುಚಿತ್ತು. ಬಸ್ಸು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಐದಾಯಿತು.

“ಅಝಾನಿನೊಳಗೆ ಹೋಟೆಲ್ ಮುಟ್ಟಿಸ್ತೇನೆ,” ಎಂದೆ.

“ಐದೂವರೆಗೆ ನಮ್ಮದು ಮುಗಿಯಿತು,” ಎಂದರು ರಬ್ಬಿ. “ನಡೆದು ತಲುಪುವಷ್ಟು ಹತ್ತಿರ ಏನಿದೆ?”

ಹತ್ತಿರ ಇದ್ದದ್ದು ಒಂದೇ, ನಾವು ಬಿಟ್ಟು ಬಂದ ಕ್ಯಾಂಪು. ಹತ್ತೊಂಬತ್ತು ಮಂದಿ ಮರಳು ಹಾರುವ ರಸ್ತೆ ಬದಿಯಲ್ಲಿ ಸಾಲಾಗಿ ನಡೆದರು, ಮುಂದೆ ರಬ್ಬಿ, ಹಿಂದೆ ರೊಸಲಿನ್ ಅಜ್ಜಿಯ ಕೈ ಹಿಡಿದು ನಾನು. ನನ್ನ ಕಣ್ಣಿಗೆ ಅಜ್ಜಿ ಕಾಣಲಿಲ್ಲ; ಉಝ್ಮಾ ಪಾತ್ರೆಪಗಡೆಯನ್ನು ಕಾರ್ಟನ್‌ಗೆ ತುಂಬುವುದು ಕಾಣುತ್ತಿತ್ತು.

ಜುವಾಕಿಂ ಆಗಷ್ಟೇ ಮತ್ತೆ ಮಲಗಿದ್ದ. ಬಾಗಿಲು ತೆರೆದು ನೋಡಿ, “ಫೋಟೋ ಸರಿ ಬರ್ಲಿಲ್ವಾ?” ಎಂದು ಕೇಳಿದ.

ವಿಷಯ ಹೇಳಿದೆ. ಅವನು ಹಾಸಿಗೆಯ ಬೆಡ್‌ಶೀಟ್ ಬದಲಿಸಲು ಶುರು ಮಾಡಿದ. ಮೇಣದ ಬತ್ತಿ ಹುಡುಕಿ ಕೊಟ್ಟ, ಅಜ್ಜಿ ಐದೂವರೆಗೆ ಸರಿಯಾಗಿ ದೀಪ ಹಚ್ಚಿದರು. ಕ್ಯಾಂಪಿನ ಅಡುಗೆ ಧರ್ಮದ ನೇಮದಂತೆ ಅವರು ಉಣ್ಣುವಂತಿಲ್ಲವೆಂದಾಗ ಆ ಜನ ತಮ್ಮ ತಮ್ಮ ಕಪಾಟಿನಿಂದ ಬಾಳೆಹಣ್ಣು, ಸೌತೆಕಾಯಿ, ಖರ್ಜೂರ ತಂದು ರಾಶಿ ಹಾಕಿದರು. ಹತ್ತೊಂಬತ್ತು ಹಾಸಿಗೆ ಬಿಟ್ಟುಕೊಟ್ಟು ಹತ್ತೊಂಬತ್ತು ಮಂದಿ ಹೊರಗಿನ ಓಣಿಯಲ್ಲಿ ರಟ್ಟು ಹಾಸಿದರು. ಕೋಣೆಯ ಏಸಿ ಹದಿನಾರರಲ್ಲಿ ಸಿಕ್ಕಿಬಿದ್ದು ತಿಂಗಳಾಗಿತ್ತು. ಅಜ್ಜಿ ನಡುಗುವುದು ನೋಡಿ ಜುವಾಕಿಂ ತನ್ನ ದಿಂಬಿನಡಿಯಿಂದ ಉಣ್ಣೆಯ ಟೊಪ್ಪಿ ತೆಗೆದು ಅವರ ತಲೆಗೆ ಹಾಕಿದ. ಯಾರೂ ಫೋಟೋ ತೆಗೆಯಲಿಲ್ಲ, ಸಬ್ಬತ್ತಿನಲ್ಲಿ ಅದೂ ಇಲ್ಲವಂತೆ.

ಬೆಳಿಗ್ಗೆ ನಾಲ್ಕೂವರೆಗೆ ಜುವಾಕಿಂ ಸೊಂಟ ಹಿಡಿದುಕೊಂಡು ಕೆಲಸದ ಬಸ್ಸು ಹತ್ತಿದ. ಶನಿವಾರ ಕತ್ತಲಾದ ಮೇಲೆ ಅತಿಥಿಗಳು ತಮ್ಮ ಬಸ್ಸು ಹತ್ತಿದರು. ನಾನು ಮನೆಗೆ ಬಂದು ಉಝ್ಮಾಳಿಗೆ, ಖಾಲಿ ಕಾರ್ಟನ್ ಇದ್ದರೆ ಬಿಸಾಡಬೇಡ ಎಂದೆ.

ಗುರುವಾರ ಸಾಲಿಮ್ ಭಾಯ್ ಕರೆದ. ಮೇಜಿನ ಮೇಲೆ ನನ್ನ ವೀಸಾ ರಿನೀವಲ್ ಫಾರ್ಮ್, ಸಹಿ ಇಲ್ಲದ್ದು. ಅದರ ಪಕ್ಕದಲ್ಲಿ ರಬ್ಬಿಯ ಪತ್ರ. ಕಂಪ್ಲೇಂಟ್ ಅಲ್ಲ. ಎತ್ತರದ ಕಟ್ಟಡ ಮರೆತುಹೋಗಬಹುದು, ಆ ರಾತ್ರಿ ಮರೆಯುವುದಿಲ್ಲ. ಕೊಡಲು ಹೋದ ನಾವು ಪಡೆದು ಬಂದೆವು. ಆ ಜನರ ನಿದ್ದೆ ಕೆಡಿಸಿದ್ದಕ್ಕೆ ಕ್ಷಮೆ ಇರಲಿ ಎಂದು ಬರೆದಿದ್ದರು. ಎರಡು ಸಲ ಓದಿದೆ.

ಸಾಲಿಮ್ ಭಾಯ್ ಕೊನೆಯ ಸಾಲಿನವರೆಗೆ ಹೋಗಿರಲಿಲ್ಲ. “ಹೊಸ ಪ್ಯಾಕೇಜ್,” ಎಂದ. “ಕಾರ್ಮಿಕರ ನಡುವೆ ಒಂದು ರಾತ್ರಿ. ನಾಳೆ ಜರ್ಮನಿಯವರು ಇದ್ದಾರೆ. ಇನ್ನು ಪ್ರತಿ ಶುಕ್ರವಾರ ಆ ರಸ್ತೆಯಲ್ಲಿ ಬಸ್ಸು ಹಾಳಾಗಬೇಕು. ಹೇಗೆ ಅಂತ ನೀನು ನೋಡ್ಕೊ. ಯಲ್ಲಾ, ಹೊರಡು.” ಹಾಗೆಂದು ಪೆನ್ನು ತೆಗೆದು ನನ್ನ ಫಾರ್ಮಿಗೆ ಸಹಿ ಹಾಕಿದ.

ಶುಕ್ರವಾರ ಬೆಳಿಗ್ಗೆ ನಾನೊಬ್ಬನೇ ಕ್ಯಾಂಪಿಗೆ ಹೋದೆ. ಮಲಗಿದ್ದ ಜುವಾಕಿಂನನ್ನು ಎಬ್ಬಿಸಿ ಎಲ್ಲವನ್ನೂ ಹೇಳಿದೆ. ಅವನು ಕಣ್ಣುಜ್ಜಿಕೊಂಡು ಕೇಳಿದ.

“ಅವರಿಗಾದರೆ ಬಸ್ಸು ಹತ್ತಬಾರದು ಅಂತ ದೇವರ ಕಾನೂನಿತ್ತು. ಇವರಿಗೆ ಎಂತ ಉಂಟು?”

“ನನ್ನ ವೀಸಾ ಉಂಟು,” ಎಂದೆ.

ಅವನು ಎದ್ದು ಬೆಡ್‌ಶೀಟ್ ತೆಗೆದು, ದಿಂಬಿನ ಕವರ್ ಬದಲಿಸತೊಡಗಿದ.