ಕದಿರೇಶನ ಕಾಶ್ಮೀರಿ ಸ್ವೆಟರು

ಮೊದಲ ದೀಪಾವಳಿಗೆ ಪಂಚೆ, ಉಂಗುರ ಕೊಟ್ಟರೂ ಅಳಿಯನಿಗೆ ಸಾಲದಾಯಿತು. ಮುಳಬಾಗಿಲಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಕದಿರೇಶನಿಗೆ ತನ್ನ ಸಾಹೇಬರು ಹಾಕುವಂಥ ಕಾಶ್ಮೀರಿ ಸ್ವೆಟರೇ ಬೇಕಿತ್ತು. ಅದು ಬರುವ ತನಕ ನೀನೂ ಬರಬೇಡ ಎಂದು ಹೆಂಡತಿ ಶ್ಯಾಮಲಳನ್ನು ಹುತ್ತೂರಿನ ತವರಲ್ಲೇ ಬಿಟ್ಟು ಹೋದ. ತಿಂಗಳು ಕಳೆಯಿತು. ‘ಯಾವಾಗ ಹೋಗ್ತೀಯೇ?’ ಎಂದು ಕೇಳುವವರ ಕಾಟಕ್ಕೆ ಅವಳು ಬಾವಿಕಟ್ಟೆಯ ಕಡೆ ಹೋಗುವುದನ್ನೇ ಬಿಟ್ಟಳು.

ಅಪ್ಪ ಕೋದಂಡರಾಮಪ್ಪನಿಗೆ ಅಳಿಯನ ಹೆಸರೆತ್ತಿದರೆ ಮೈಯೆಲ್ಲ ಉರಿ. ಆದರೂ ಹಲ್ಲು ಕಚ್ಚಿಕೊಂಡು ಹೇಳಿ ಕಳಿಸಿ, ಮಗಳನ್ನೂ ಕರೆದುಕೊಂಡು ಕೋಲಾರದ ಬಟ್ಟೆ ಅಂಗಡಿಯಲ್ಲಿ ಅವನನ್ನು ಭೇಟಿಯಾದ. ಅಳಿಯನ ಮುಂದೆ ಬೆಲೆಯ ಮಾತೆತ್ತುವುದು ಮರ್ಯಾದೆಯಲ್ಲ. ಅದನ್ನು ಅಂಗಡಿಯವನ ಕಿವಿಗೆ ಮೊದಲೇ ಹಾಕಿದ್ದ.

ಅಂಗಡಿಯವನು ಎರಡು ಸ್ವೆಟರು ಹರಡಿದ. ಒಂದು ದಪ್ಪ, ಭಾರ. ಇನ್ನೊಂದು ಕೈಯಲ್ಲಿದ್ದದ್ದೇ ಗೊತ್ತಾಗದಷ್ಟು ಹಗುರ. ‘ಅಸಲಿ ಇದೇ’ ಎಂದು ಹಗುರದ್ದನ್ನು ಮುಂದೆ ತಳ್ಳಿದ.

ಮೂವತ್ತು ವರ್ಷ ರೇಷ್ಮೆ ಬೆಳೆದ ಕೋದಂಡರಾಮಪ್ಪನ ಬೆರಳಿಗೂ ಅದು ಮುಟ್ಟಿದ ಕೂಡಲೇ ತಿಳಿಯಿತು. ಅಳಿಯನ ಬುದ್ಧಿಯೂ ತಿಳಿದಿತ್ತು. ಮಾವ ಹಾಲು ಎಂದರೆ ಸುಣ್ಣದ ನೀರು ಎನ್ನುವ ಆಸಾಮಿ ಅವನು.

“ಇದೇ ತಗೊಳ್ಳಿ ಅಳಿಯಂದ್ರೇ. ಇದರಂಥದ್ದು ಇನ್ನೊಂದಿಲ್ಲ,” ಎಂದು ಹಗುರದ್ದನ್ನು ಬೇಕೆಂದೇ ಹೊಗಳಿದ.

ಕದಿರೇಶ ಒಂದೊಂದು ಅಂಗೈಯಲ್ಲಿ ಒಂದೊಂದನ್ನು ಹಿಡಿದು ತೂಗಿ ನೋಡಿದ. ಅವನೂ ರೇಷ್ಮೆ ಬೆಳೆಯುವ ಮನೆಯವನೇ.

“ಏನ್ ಮಾವಾ, ತೂಕ ಇಲ್ದಿರೋ ಗೂಡು ಮಾರ್ಕೆಟ್ಟಲ್ಲಿ ಯಾರಾದ್ರೂ ಮುಟ್ತಾರಾ? ನನಗ್ ಮಾತ್ರ ಜೊಳ್ಳು ಅಂಟಿಸ್ತೀರಾ?”

ಭಾರದ್ದನ್ನು ತೊಟ್ಟ. ಭುಜದ ಹೊಲಿಗೆ ತೋಳಿಗಿಳಿಯಿತು. ಒಂದು ಸೈಜು ಚಿಕ್ಕದು ಕೊಡಲೇ ಎಂದ ಅಂಗಡಿಯವನಿಗೆ, “ದೊಡ್ಡದು ಸಿಗೋವಾಗ ಚಿಕ್ಕದು ಯಾಕಯ್ಯಾ?” ಎಂದು ಗದರಿದ.

“ರೀ, ಆ ಹಗುರದ್ದೇ…” ಎಂದಳು ಶ್ಯಾಮಲ.

“ಸುಮ್ನಿರಮ್ಮ, ಅವರಿಷ್ಟ,” ಎಂದು ಅಪ್ಪ ಅವಳ ಬಾಯಿ ಮುಚ್ಚಿಸಿದ. ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು ಅವನಿಗೆ. ಮಗಳು ಅಂದೇ ಗಂಡನ ಜೊತೆ ಮುಳಬಾಗಿಲಿನ ಬಸ್ಸು ಹತ್ತಿದಳು.

ಹನ್ನೆರಡನೇ ದಿನ ಬೆಳಿಗ್ಗೆ ಕದಿರೇಶ ಶ್ಯಾಮಲಳನ್ನೂ ಅವಳ ಟ್ರಂಕನ್ನೂ ತಂದು ಬಾಗಿಲಲ್ಲಿ ಇಳಿಸಿದ. ಸ್ವೆಟರನ್ನು ಮಾವನ ಕಾಲಬಳಿ ಎಸೆದ.

“ಇದು ಕಾಶ್ಮೀರಿ ಅಲ್ಲ ಕಣ್ರೀ, ಕುರಿ ಕಂಬಳಿ, ಒಳಗೆ ಇನ್ನೊಬ್ಬ ಗುಮಾಸ್ತನ್ನ ಕೂರಿಸ್ಬೋದು ಅಂದ್ರು ಸಾಹೇಬ್ರು. ಆಫೀಸೇ ನಕ್ತು. ನಿಮ್ ಮಗಳನ್ನ ನೀವೇ ಇಟ್ಕೊಳ್ಳಿ!”

“ನಾನು ಒಳ್ಳೇದೇ ತೋರಿಸ್ದೆ, ನೀವೇ ಬೇಡ ಅಂದ್ರಿ. ಬೇಕಾದ್ರೆ ಇವಳನ್ನೇ ಕೇಳಿ!” ಕೋದಂಡರಾಮಪ್ಪ ಗೆದ್ದವನ ಹಾಗೆ ಮಗಳ ಕಡೆ ತಿರುಗಿದ.

“ಹೂಂ, ನೀನು ತೋರಿಸ್ದೆ ಅಪ್ಪಾ,” ಎಂದಳು ಶ್ಯಾಮಲ. “ನೀನು ಹೊಗಳಿದ್ದನ್ನ ಇವರು ಮುಟ್ಟಲ್ಲ ಅಂತ ಗೊತ್ತಿದ್ದೇ ತೋರಿಸ್ದೆ. ನಾನು ಹೇಳೋಕ್ ಹೋದ್ರೆ ಬಾಯಿ ಮುಚ್ಚಿಸ್ದೆ. ಇವರಿಗೆ ಸ್ವೆಟರ್ ಬೇಕಿತ್ತು, ನಿನಗೆ ಇವರ ಮಾನ ಕಳೀಬೇಕಿತ್ತು. ನನ್ ಬಾಳು ಇಬ್ಬರಿಗೂ ಬೇಕಿರ್ಲಿಲ್ಲ.”

ಕದಿರೇಶ ಮಾವನ ಮುಖಕ್ಕೆ ಉಗುಳದೆ ಉಳಿದದ್ದೇ ಹೆಚ್ಚು. ದಡದಡ ಬಸ್ಸಿನ ದಾರಿ ಹಿಡಿದ. ಕೋದಂಡರಾಮಪ್ಪ ಬಗ್ಗಿ ಮಗಳ ಟ್ರಂಕಿಗೆ ಕೈ ಹಾಕಿದ.

“ಮುಟ್ಬೇಡ,” ಎಂದಳು.

ತಾನೇ ಹೊತ್ತುಕೊಂಡು, ಇಡೀ ಬೀದಿ ನೋಡುತ್ತಿದ್ದಂತೆ, ಎದುರು ಮನೆಯ ದೊಡ್ಡಮ್ಮ ಮುನಿಗಂಗಮ್ಮನ ಹೊಸ್ತಿಲು ದಾಟಿ ಬಾಗಿಲು ಹಾಕಿಕೊಂಡಳು.