ಬಾವಿಗೆ ಹಾಕಿದ ಸುಣ್ಣ

ಅಮದಳ್ಳಿಯಲ್ಲಿ ಹೆದ್ದಾರಿಗೂ ಸಮುದ್ರಕ್ಕೂ ನಡುವೆ ಉಳಿದಿದ್ದ ಆ ತುಂಡು ನೆಲವನ್ನು ಮಾರುವಾಗ ಹೊನ್ನು ಒಂದೇ ಒಂದು ಮಾತು ಕೇಳಿದ್ದಳು: ತಾನು ಬದುಕಿರುವವರೆಗೆ ಅಲ್ಲಿಯ ಬಾವಿಯಿಂದ ಕುಡಿಯುವ ನೀರು ಸೇದಿಕೊಳ್ಳಲು ಯಾರೂ ಅಡ್ಡ ಬರಬಾರದು. ಕೊಂಡವನು ಅಂಕೋಲೆಯ ರಾಮನಾಥ; ನೌಕರಿಯಿಂದ ನಿವೃತ್ತನಾಗಿ, ಲಾಡ್ಜು ಕಟ್ಟುವ ಹುಮ್ಮಸ್ಸಿನಲ್ಲಿದ್ದವನು.

"ಬಾವಿ ನಿಂದೇ ಹೇಳಿ ತಿಳ್ಕೋ, ಹೊನ್ನಕ್ಕ," ಎಂದಿದ್ದ.

ಮಾತನ್ನು ಬರೆಸಿಕೊಳ್ಳಬೇಕೆಂದು ಅವಳಿಗೆ ತೋಚಲಿಲ್ಲ, ಅವನಿಗೆ ಬೇಕಿರಲಿಲ್ಲ.

ಗದ್ದೆ ನೌಕಾನೆಲೆಗೆ ಹೋಗಿತ್ತು. ಗಂಡ ಮಾದ ಕಾಯಿಲೆಯಲ್ಲಿ ಹೋದ, ಅವನ ಔಷಧಕ್ಕೆ ಈ ನೆಲ ಹೋಯಿತು. ಮಾದ ತನ್ನ ಕೈಯಾರೆ ತೋಡಿದ ಬಾವಿಯೊಂದೇ, ಬೇಲಿಯಾಚೆಯ ಎರಡು ಕೋಣೆಗಳ ಮನೆಯಿಂದ ಕೊಡಪಾನ ಹಿಡಿದು ಬರುವಷ್ಟರ ಮಟ್ಟಿಗೆ, ಅವಳದಾಗಿ ಉಳಿದಿತ್ತು. ಮಗ ಶಿವಾನಂದನಿಗೆ ಅದೇ ಲಾಡ್ಜಿನಲ್ಲಿ ಸ್ವಿಮ್ಮಿಂಗ್ ಪೂಲ್ ನೋಡಿಕೊಳ್ಳುವ ಕೆಲಸ ಸಿಕ್ಕಿದ್ದನ್ನು ಅವಳು ರಾಮನಾಥನ ಒಳ್ಳೆಯತನವೆಂದೇ ಎಣಿಸಿದ್ದಳು.

ಚಿರೇಕಲ್ಲಿನ ಕೆಂಪು ನೆಲದ ನೀರಿಗೆ ಹುಳಿಯ ಗುಣ. ನಾಲಿಗೆಗೆ ತಿಳಿಯದಿದ್ದರೂ ಪೂಲಿಗೆ ತುಂಬಿದರೆ ಟೈಲಿನ ಸಂದಿಯ ಸಿಮೆಂಟನ್ನು ಮೆಲ್ಲಗೆ ತಿನ್ನುತ್ತದೆ, ಈಜುವವರ ಕಣ್ಣು ಕೆಂಪಾಗಿಸುತ್ತದೆ. ಅದನ್ನು ಸರಿಪಡಿಸುವ ಪುಡಿ ಗೋವಾದಿಂದ ಡಬ್ಬಗಳಲ್ಲಿ ಬರುತ್ತಿತ್ತು. ಅಲ್ಲಿನ ಹೊಟೇಲೊಂದರಲ್ಲಿ ದುಡಿದು ಬಂದಿದ್ದ ರಾಮನಾಥನ ಅಳಿಯ ರೂಪೇಶ, ಅಕ್ಕನ ಮಗ, ಆ ಡಬ್ಬಗಳನ್ನು ನಿಲ್ಲಿಸಿಬಿಟ್ಟ.

"ಒಳಗೆ ಇರೂದು ಬಟ್ಟೆ ಸೋಡಾನೇ, ಮಾಮಾ. ಮೇಲಿನ ಚಿತ್ರ ಮಾತ್ರ ಬೇರೆ."

ಅಂದಿನಿಂದ ಹುಳಿ ಹೆಚ್ಚಾದರೆ ಕಾರವಾರ ಪೇಟೆಯ ಬಟ್ಟೆ ಸೋಡಾ, ಸೋಡಾ ಹೆಚ್ಚಾದರೆ ಪಾಯಖಾನೆ ತೊಳೆಯುವ ಆಸಿಡ್. ನೀರಿನ ಪೀಎಚ್ ನೋಡಲು ಕೆಂಪು ಹನಿಗಳ ಸಣ್ಣ ಬಾಟಲಿಯೊಂದು ಇತ್ತು; ಅದು ಮುಗಿದಾಗ, ಶಿವಾನಂದ ಕೇಳಿದರೂ, ರಾಮನಾಥ ಮತ್ತೆ ತರಿಸಲಿಲ್ಲ.

"ಅದೇ ಬಾವಿ, ಅದೇ ನೀರು, ಅದೇ ಸೋಡಾ. ದಿನಾ ನಾಡಿ ಹಿಡಿದು ನೋಡೂಕೆ ನೀನೇನು ಡಾಕ್ಟರನಾ?"

ಆ ವರ್ಷ ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾದಾಗ ಹುಬ್ಬಳ್ಳಿಯ ವ್ಯಾಪಾರಿ ಕುಟುಂಬಗಳು ರಜೆಗೆಂದು ಇಡೀ ಲಾಡ್ಜನ್ನು ಹಿಡಿದವು. ಪೂಲನ್ನು ಬರಿದು ಮಾಡಿ ತಿಕ್ಕಿಸಲಾಯಿತು. ಶಿವಾನಂದ ಸೋಡಾ ತರಲು ಪೇಟೆಗೆ ಹೋಗಿದ್ದ ಮಧ್ಯಾಹ್ನ ಹೊನ್ನು ಬಾವಿಕಟ್ಟೆಗೆ ಬಂದಳು. ಮಳೆಯ ನೀರು ಸೇರಿದ ಬಾವಿಗೆ ದೀಪಾವಳಿಯ ಮುಂಚೆ ಚಿಪ್ಪಿನ ಸುಣ್ಣ ಹಾಕುವುದು ಆ ಕಡೆಯ ರೂಢಿ. ಮಾದನ ನಂತರ ಅವಳೇ ಹಾಕುತ್ತಿದ್ದಳು. ಹೊಸ ಮೋಟರಿನ ಎಣ್ಣೆವಾಸನೆ ನೀರಿಗೆ ತಗುಲಿದೆಯೆಂಬ ಅನುಮಾನದಿಂದ ಈ ಸಲ ಒಂದು ಬುಟ್ಟಿ ಹೆಚ್ಚೇ ಸುರಿದಳು. ಸುಣ್ಣ ಇಳಿದು ನೀರು ತಿಳಿಯಾಗುವವರೆಗೆ ಬೇಕಾದಷ್ಟನ್ನು ಮೊದಲೇ ಸೇದಿಟ್ಟುಕೊಂಡು ಮನೆಗೆ ಹೋದಳು. ಇದಾವುದನ್ನೂ ಅರಿಯದ ರೂಪೇಶ ಸಂಜೆ ಪೂಲು ತುಂಬಲು ಮೋಟರು ಹಚ್ಚಿದ.

ಮರುದಿನ ಬೆಳಿಗ್ಗೆ ಶಿವಾನಂದ ಎಂದಿನಂತೆ ಸೋಡಾವನ್ನು ಬಕೆಟ್ಟಿನಲ್ಲಿ ಕರಗಿಸಿ ಪೂಲಿನ ಅಂಚಿಗುಂಟ ಸುರಿದ. ಸುರಿದಲ್ಲೆಲ್ಲ ಬಿಳಿಯ ಮೋಡಗಳು ಎದ್ದವು. ನೋಡುತ್ತಿದ್ದಂತೆ ಪೂಲು ಹಾಲಾಯಿತು. ಪಂಪು ತಿರುಗಿದರೆ ತಿಳಿಯಾದೀತೆಂದು ಅವನು ಕಾದ, ಆಗಲಿಲ್ಲ. ಬಂದ ಮಕ್ಕಳು ಯಾರ ಮಾತೂ ಕೇಳದೆ ಹಾರಿದರು, ಮರುಗಳಿಗೆಯೇ ಕಣ್ಣುಜ್ಜಿಕೊಂಡು ಅಳುತ್ತ ಮೇಲೆ ಬಂದರು.

"ಇದು ಪೂಲ್ ಐತೋ, ಸುಣ್ಣದ ಗುಂಡಿ ಐತೋ?" ಎಂದು ಹಿರಿಯ ವ್ಯಾಪಾರಿ ಗುಡುಗಿದ. "ಹಾಲಿನ್ಯಾಗ ಜಳಕಾ ಮಾಡ್ಸಾಕ ನಾವೇನ್ ದೇವರೇನ್ರೀ?"

ಊಟದ ಹೊತ್ತಿಗೆ ಅವರ ಗಾಡಿಗಳು ಬೇರೆ ಲಾಡ್ಜು ಹುಡುಕಿಕೊಂಡು ಹೊರಟವು.

ಆಸಿಡ್ ಡಬ್ಬಕ್ಕಾಗಿ ಶಿವಾನಂದ ಅಡುಗೆಮನೆಯ ಹಿಂದಕ್ಕೆ ಓಡಿದ. ಅಲ್ಲಿ ರಾಮನಾಥನ ಹೆಂಡತಿ ದಮಯಂತಿ ಅರಿಶಿನ ಹಚ್ಚಿಟ್ಟ ಬಂಗಡೆಯ ಮೇಲೆ ಬಾವಿಯ ನೀರು ಹೊಯ್ದು ದಿಗಿಲಾಗಿ ನಿಂತಿದ್ದಳು.

"ಇದೆಂತದಾ ಶಿವಾನಂದಾ, ಮೀನಿಗೆ ಕುಂಕುಮ ಹಚ್ಚಿದಂಗಾತು!"

ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆತರೆ ಬರುವ ಅದೇ ಕೆಂಪು. ತಾಯಿ ಬಾವಿಗೆ ಸುಣ್ಣ ಹಾಕಿದ್ದು, ಅದಕ್ಕೆ ಸೋಡಾ ಸೇರಿ ಪೂಲು ಹಾಲಾದದ್ದು ಅವನಿಗೆ ಅರ್ಥವಾಯಿತು. ಹೇಳಿದರೆ ತಾಯಿಯ ಕೊಡಪಾನ ಆ ಬಾವಿಗೆ ಮತ್ತೆಂದೂ ಇಳಿಯದೆಂಬುದೂ ಅರ್ಥವಾಯಿತು.

ಪೂಲಿನ ಬಳಿ ರಾಮನಾಥ ಕಾಯುತ್ತಿದ್ದ. "ಬೊಗಳೋ, ಎಂತಾ ಮಾಡ್ದೆ?"

"ಸೋಡಾ ಹೆಚ್ಚಾತು, ಒಡೇರೆ. ನಂದೇ ತಪ್ಪು."

"ಕಣ್ಣು ಸಮುದ್ರಕ್ಕೆ ಬಿಟ್ಟಿದ್ಯಾ? ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ. ನಡೆ!"

ಸುಣ್ಣ ಇಳಿದಿದೆಯೇ ಎಂದು ನೋಡಲು ಬಂದಿದ್ದ ಹೊನ್ನು ಬಾವಿಕಟ್ಟೆಯಿಂದ ಇದನ್ನೆಲ್ಲ ಕೇಳಿಸಿಕೊಂಡಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೇರ ಮುಂದೆ ಬಂದಳು.

"ಅಂವಗೆ ಯಂತಕೆ ಬೈತ್ರಿ, ಒಡೇರೆ? ನೀರಿಗೆ ಸುಣ್ಣ ಹಾಕ್ದೋಳು ನಾನು."

"ಅವ್ವಿ, ಸುಮ್ನಿರೇ!"

"ಸುಮ್ನೆ ಯಂತಕಿರೂದು? ನಾ ಕಳ್ತನ ಮಾಡಿನಾ? ವರ್ಷಾ ಹಾಕ್ತೆ. ಇವ್ರ ಮನೆಯೋರೂ ಅದೇ ನೀರು ಕುಡೀತ್ರು, ಒಬ್ರಿಗಾರೂ ಹೊಟ್ಟೆ ನೋವು ಬಂದದ್ಯಾ ಕೇಳು."

ಮಗನ ಕೆಲಸ ಉಳಿಸಲು ಅವಳು ಸತ್ಯ ಹೇಳಿದಳು. ಅವಳ ನೀರು ಉಳಿಸಲು ಅವನು ಹೇಳಿದ್ದ ಸುಳ್ಳು ಅಲ್ಲಿಗೆ ಮುಗಿಯಿತು. ರಾಮನಾಥನ ಸಿಟ್ಟು ಒಮ್ಮೆಲೇ ಇಳಿದುಹೋಯಿತು. ಅವನ ಮುಖದಲ್ಲಿ ಬಹಳ ದಿನದಿಂದ ಹುಡುಕುತ್ತಿದ್ದ ವಸ್ತು ಕೈಗೆ ಸಿಕ್ಕವನ ನೆಮ್ಮದಿ ಕಂಡಿತು.

"ಹಂಗೋ. ಹಂಗಾದ್ರೆ ನಿಂದು ತಪ್ಪಿಲ್ಲ, ಶಿವಾನಂದಾ. ನಾಳೆ ಬಾ. ನೋಡು ಹೊನ್ನು, ದಂಧೆ ಮಾಡೋ ಜಾಗ ಇದು. ಇವತ್ತು ಸುಣ್ಣ, ನಾಳೆ ಮತ್ತೆಂತದೋ. ಬಾವಿ ಮುಚ್ಚಲೇಬೇಕಾತು."

"ಬಾವಿ ನಂದೇ ಹೇಳಿ ಹೇಳಿದ್ರಿ."

"ಹೇಳೂಕೆ ಎಂತಾ? ಹಂಗೆ ಹೇಳ್ತಾರೆ."

ಬಿಣಗಾದಿಂದ ಬಂದ ವೆಲ್ಡಿಂಗಿನವನು ಕಟ್ಟೆಯ ಮೇಲೆ ಕಬ್ಬಿಣದ ಜಾಲರಿ ಕೂರಿಸಿ ಬೀಗ ಜಡಿದ. ಬೀಗದ ಕೈ ಶಿವಾನಂದನ ಪಾಲಿಗೆ ಬಂತು. ಮೋಟರು ನೋಡಿಕೊಳ್ಳುವವನು ಅವನೇ ಅಲ್ಲವೇ. ಅವನು ಆಸಿಡ್ಡನ್ನು ನೀರಿಗೆ ಬೆರೆಸಿ ಸ್ವಲ್ಪಸ್ವಲ್ಪವಾಗಿ ಪೂಲಿಗೆ ಬಿಟ್ಟ. ಬಿಳುಪು ಕರಗಿತು. ತಳದ ನೀಲಿ ಟೈಲುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾದವು. ಅಗ್ಗದ ಮದ್ದು ಫಲಿಸಿತೆಂದು ರೂಪೇಶ ಬೆನ್ನು ತಟ್ಟಿದ.

ಒಂದು ಸಂಜೆ ಹೊನ್ನು ಕೊಡಪಾನ ಹೊತ್ತು ಹೆದ್ದಾರಿಯಾಚೆಯ ನಲ್ಲಿಗೆ ಹೊರಟಿದ್ದಳು.

"ಅವ್ವಿ, ಇಲ್ಲಿ ತಾ," ಎಂದು ಶಿವಾನಂದ ಬೇಲಿಯ ಬಳಿ ತಗ್ಗಿದ ದನಿಯಲ್ಲಿ ಕರೆದ. "ಒಡೇರು ಅಂಕೋಲೆಗೆ ಹೋಗಾರೆ. ಬೀಗ ತೆಗೀತೆ."

"ನಿಮ್ಮಪ್ಪ ತೋಡಿದ ಬಾವಿ ನೀರು ನಾ ಕದ್ದು ಕುಡೀಲಾ?"

ಅವನು ಬೀಗದ ಕೈಯನ್ನು ಕಿಸೆಗಿಳಿಸಿದ. ಎರಡು ಹೆಜ್ಜೆ ಹೋದವಳು ತಿರುಗಿದಳು.

"ಸುಣ್ಣ ಇಳದದ್ಯಾ, ನೋಡಿದ್ಯಾ?"

ಶಿವಾನಂದ ಜಾಲರಿಯ ಮೇಲೆ ಬಾಗಿದ. ನೀರು ಕನ್ನಡಿಯಂತಿತ್ತು, ಕಬ್ಬಿಣದ ಚೌಕಗಳ ನಡುವೆ ಅವನದೇ ಮುಖ ಕಂಡಿತು.

"ಇಳದದೆ ಅವ್ವಿ. ಚಲೋ ತಿಳಿಯಾಗದೆ."

"ಆಗ್ದೆ ಮತ್ತೆ," ಎಂದಳು ಹೊನ್ನು. "ಕುಡೀರಿ."

ಅವಳು ರಸ್ತೆ ದಾಟಿದಳು. ಪೂಲಿನ ನೀರು ಅಂಚಿಗಿಂತ ಕೆಳಗಿಳಿದಿತ್ತು. ಶಿವಾನಂದ ಹೋಗಿ ಮೋಟರು ಹಚ್ಚಿದ.