ನಾಲ್ಕರಲ್ಲೂ ಮಂಜು

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವಳು ನಾಲ್ಕು ಸ್ಕೋಪುಗಳಿಗೆ ಒಂದಾದ ಮೇಲೊಂದರಂತೆ ಕಣ್ಣಿಟ್ಟು ನೋಡಿದಳು. ನಾಲ್ಕರಲ್ಲೂ ಮಂಜು.

ಅವಳು ಶಾಲಾ ಬಸ್ಸಿನ ಡ್ರೈವರು, ವಯಸ್ಸು ಐವತ್ತನಾಲ್ಕು. ಹಳೆಯ ಕಲ್ಲುಗಣಿಯ ಹಿಂದಿರುವ ರೈಫಲ್ ಕ್ಲಬ್ಬಿನಲ್ಲಿ ಬಹಳ ವರ್ಷಗಳಿಂದ ಗುರಿ ಅಭ್ಯಾಸ ಮಾಡುತ್ತಿದ್ದಾಳೆ. ಹೋದ ವರ್ಷದಿಂದ ನಳಿಗೆಯ ತುದಿಯ ಗುರಿಮೊಳೆ ಅವಳ ಕಣ್ಣಿಗೆ ಮಸುಕಾಗತೊಡಗಿತ್ತು. ಐವತ್ತು ದಾಟಿದವರು ಆರುನೂರು ಮೀಟರಿನ ಸ್ಪರ್ಧೆಯಲ್ಲಿ ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನು, ಅಂದರೆ ಸ್ಕೋಪು, ಬಳಸಬಹುದೆಂದು ಕ್ಲಬ್ಬಿನ ನಿಯಮ ಹೇಳುತ್ತದೆ. ನಿಯಮವನ್ನು ಹುಡುಕಿ ತೆಗೆದವನು ಗಂಡ. ಕೈಗೆಟುಕುವ ಬೆಲೆಯ ಸ್ಕೋಪೊಂದನ್ನು ತಾನೇ ಆರಿಸಿಕೊಡುತ್ತೇನೆಂದು ಹಟ ಹಿಡಿದವನೂ ಅವನೇ.

ಹಟಕ್ಕೆ ಕಾರಣವಿತ್ತು. ಅವನದು ಕನ್ನಡಕದ ಅಂಗಡಿ. ಪೇಟೆಯ ಅರ್ಧದಷ್ಟು ಮೂಗುಗಳ ಮೇಲೆ ಕೂತಿರುವುದು ಅವನ ಕೈಕೆಲಸ. ಹೆಂಡತಿಯ ರೈಫಲ್ಲಿನ ಬಗ್ಗೆ ಇಷ್ಟು ವರ್ಷ ಬಾಯಿ ಹಾಕಲು ಅವನಿಗೆ ಜಾಗವೇ ಇರಲಿಲ್ಲ. ಈಗ ಗಾಜಿನ ಮಾತು ಬಂದಿತ್ತು.

ಬಂದೂಕಿನ ಅಂಗಡಿಯ ಹಿಂಬಾಗಿಲಿನ ಬಳಿ ಮೇಜು, ಮೇಜಿನ ಮೇಲೆ ಮರಳು ತುಂಬಿದ ಚೀಲ, ಚೀಲದ ಮೇಲೆ ಸ್ಕೋಪು. ಎದುರಿಗೆ ದೂರದಲ್ಲಿ ನೀರಿನ ಟ್ಯಾಂಕು, ಅದಕ್ಕೆ ಆನಿಸಿದ ಕಬ್ಬಿಣದ ಏಣಿ.

"ಇದು ನೋಡಿ ಸಾರ್, ಇಪ್ಪತ್ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುತ್ತೆ. ಈ ಬೆಲೆಗೆ ಇನ್ನೆಲ್ಲೂ ಸಿಗಲ್ಲ," ಎಂದ ಅಂಗಡಿಯವನು.

ಗಂಡ ತನ್ನ ಕನ್ನಡಕವನ್ನು ಹಣೆಗೇರಿಸಿ ಬಗ್ಗಿದ. ಯಾವ ಗಾಜನ್ನು ಪರೀಕ್ಷಿಸುವಾಗಲೂ ಅವನು ಮಾಡುವುದು ಹಾಗೆಯೇ. ಕಣ್ಣಿಡುವ ತುದಿಯ ಉಂಗುರವನ್ನು ಅತ್ತಿತ್ತ ತಿರುಗಿಸಿ, ಹದ ಸಿಕ್ಕ ಮೇಲೆ ಬಿಗಿ ಮಾಡಿ, ತನ್ನ ಹಳದಿ ಬಟ್ಟೆಯಿಂದ ಒರೆಸಿದ.

"ಕತ್ತಲನ್ನೂ ಇಪ್ಪತ್ನಾಲ್ಕು ಪಟ್ಟು ತೋರಿಸುತ್ತೆ ಇದು. ಅಂಚೆಲ್ಲ ನೇರಳೆ ಬಣ್ಣ. ನೋಡು ಕಣೇ, ನೀನೂ ನೋಡಿಬಿಡು, ಆಮೇಲೆ ಬೇರೇದು ತೆಗೆಸೋಣ."

ಅವಳು ನೋಡಿದಳು. ಒದ್ದೆ ಬಟ್ಟೆಯ ಹಿಂದೆ ಏಣಿ ನಿಲ್ಲಿಸಿದಂತಿತ್ತು. ಗಾಜಿನೊಳಗೆ ಗುರಿ ಹಿಡಿಯಲು ಇರುವ ಅಡ್ಡಗೆರೆಗಳು ನೀರಿಗೆ ಬಿದ್ದ ಮಸಿಯಂತೆ ಹರಡಿದ್ದವು. ಅಗ್ಗದ ಮಾಲು, ಇನ್ನು ಹೇಗಿದ್ದೀತು ಎಂದುಕೊಂಡಳು.

"ಸಾರ್ ಇದೇ ಲೈನಿನವರಾ?" ಅಂಗಡಿಯವನು ಕೇಳಿದ.

"ನಂದು ಲೆನ್ಸಿನ ಲೈನು. ಗುಂಡಿನ ಲೈನೆಲ್ಲ ನಮ್ಮನೆಯವರದ್ದು."

ಎರಡನೆಯದು ಬಂತು. ಅದರ ಮೇಲಿನ ಗುಂಡಿಯನ್ನು ಗಂಡ ಒಂದಷ್ಟು ಕ್ಲಿಕ್ಕು ಏರಿಸಿ, ಅಷ್ಟೇ ಕ್ಲಿಕ್ಕು ಇಳಿಸಿದ. ಅಡ್ಡಗೆರೆ ಹೊರಟ ಜಾಗಕ್ಕೆ ಮರಳಲಿಲ್ಲ. ಏಣಿಯ ಒಂದು ಮೆಟ್ಟಿಲು ಕೆಳಗೇ ನಿಂತುಬಿಟ್ಟಿತು. "ಮನೆ ದಾರಿ ಮರೆಯೋ ಸ್ಕೋಪು ನಮಗ್ಯಾಕೆ?" ಎಂದು ಪಕ್ಕಕ್ಕಿಟ್ಟ. ಮೂರನೆಯದು ನಾಲ್ಕರಿಂದ ಹದಿನಾರು ಪಟ್ಟಿನದು, ಮಧ್ಯಮ ಬೆಲೆ. ಅದರ ಗೆರೆ ಎಷ್ಟು ಸಲ ತಿರುಗಿಸಿದರೂ ಹೊರಟಲ್ಲಿಗೇ ಬಂತು. ಗಂಡನ ಮುಖ ಅರಳಿತು. ಉಂಗುರ ತಿರುಗಿಸಿ, ಬಿಗಿದು, ಒರೆಸಿ, ಅವಳ ಮುಂದೆ ಸರಿಸಿದ.

"ಮೇಡಂ ಕಣ್ಣಿಗೆ ನಾನು ಸ್ವಲ್ಪ..." ಎಂದು ಅಂಗಡಿಯವನು ಕೈ ಚಾಚಿದ.

"ನೀವು ಬಿಡಿ, ಇದು ನನ್ನ ಕಸುಬು."

ಮೂರನೆಯದೂ ಮಂಜು. ಅವಳು ಉಸಿರು ಹಿಡಿದು ಇನ್ನೊಮ್ಮೆ ನೋಡಿದಳು. ಬದಲಾಗಲಿಲ್ಲ.

"ಹೋಲಿಸಿ ನೋಡಕ್ಕೆ ಒಂದು ದುಬಾರೀದೂ ತೆಗೀರಿ," ಎಂದ ಗಂಡ, ಜಂಬದಿಂದ. "ನೋಡಿದ್ರೆ ಸವೆದುಹೋಗಲ್ಲವಲ್ಲ?"

ಗಾಜಿನ ಕಪಾಟಿನೊಳಗಿನಿಂದ ನಾಲ್ಕನೆಯದು ಬಂತು. ಅದರ ಬೆಲೆಯಲ್ಲಿ ಮೂರನೆಯದರಂಥವು ಅರ್ಧ ಡಜನ್ ಬರುತ್ತಿದ್ದವು. ಗಂಡ ಅದನ್ನೂ ಹದ ಮಾಡಿ ಕೊಟ್ಟ. ಅವಳು ಕಣ್ಣಿಟ್ಟಳು. ಅದೇ ಏಣಿ, ಅದೇ ಒದ್ದೆ ಬಟ್ಟೆ.

ಒಂದು ಸ್ಕೋಪು ಕೆಟ್ಟದ್ದಿರಬಹುದು, ಎರಡು ಕೆಟ್ಟವಾಗಿರಬಹುದು. ನಾಲ್ಕು ಬೆಲೆಯ ನಾಲ್ಕು ಗಾಜುಗಳಲ್ಲಿ ಒಂದೇ ಮಂಜು ಇದ್ದರೆ ದೋಷ ಗಾಜಿನದಲ್ಲ. ಅಮ್ಮನಿಗೆ ಮೊದಲು ಮಸುಕಾದದ್ದು ಸೂಜಿಯ ಕಣ್ಣು. ಆಮೇಲೆ ಗೋಡೆಯ ಗಡಿಯಾರ, ಕೊನೆಗೆ ಮಕ್ಕಳ ಮುಖ. "ದೂರದ್ದೆಲ್ಲ ಚೆನ್ನಾಗೇ ಕಾಣುತ್ತೆ ಬಿಡ್ರೇ," ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು. ಮಗಳಾದ ಅವಳಿಗೂ ಈಗ ಬರಿಗಣ್ಣಿಗೆ ಟ್ಯಾಂಕು ಚೆನ್ನಾಗಿಯೇ ಕಾಣುತ್ತಿತ್ತು. ಅದರಿಂದ ಧೈರ್ಯವೇನೂ ಬರಲಿಲ್ಲ.

"ಮೂರನೇದೇ ಸಾಕು ರೀ."

"ಕಾಣಿಸ್ತಾ?"

"ಕಾಣಿಸ್ತು."

"ಸ್ಪಷ್ಟವಾಗಿ?"

ಅವನ ಮುಖ ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗನದಾಗಿತ್ತು. "ಹೂಂ," ಎಂದಳು. "ಸ್ಪಷ್ಟವಾಗಿ."

ಸೋಮವಾರ ಮಕ್ಕಳು ಹತ್ತುವ ಮೊದಲೇ ಅವಳು ಬಸ್ಸುಗಳ ಮೇಲ್ವಿಚಾರಕನ ಮೇಜಿನ ಮೇಲೆ ಕೀಲಿ ಇಟ್ಟಳು.

"ಏನಮ್ಮ, ಗಾಡಿ ಕೆಟ್ಟಿದೆಯಾ?"

"ಗಾಡಿ ಚೆನ್ನಾಗಿದೆ ಸಾರ್. ನನ್ನ ಕಣ್ಣಿನ ಮೇಲೆ ಅನುಮಾನ. ಡಾಕ್ಟರಿಗೆ ತೋರಿಸೋವರೆಗೂ ನಾನು ಓಡಿಸಲ್ಲ."

ಮೇಲ್ವಿಚಾರಕ ಅವಳ ಮುಖವನ್ನೇ ನೋಡಿದ. ಬೇರೆ ಡ್ರೈವರುಗಳು ಇಂಥದ್ದನ್ನು ಮುಚ್ಚಿಡುವುದನ್ನು ಕಂಡವನು ಅವನು. ಅವಳನ್ನು ತಾತ್ಕಾಲಿಕವಾಗಿ ಬಿಡಿಭಾಗಗಳ ಕೋಣೆಗೆ ಹಾಕಿದ. ಅವಳು ದಿನವೂ ಎಂದಿನ ಹೊತ್ತಿಗೇ ಮನೆ ಬಿಟ್ಟಳು, ಎಂದಿನ ಹೊತ್ತಿಗೇ ಬಂದಳು. ಗಂಡನಿಗೆ ಹೇಳಲಿಲ್ಲ. ಡಾಕ್ಟರ ಬಳಿಗೂ ಹೋಗಲಿಲ್ಲ. ಹೋದರೆ ಅದಕ್ಕೊಂದು ಹೆಸರು ಬರುತ್ತದೆ.

ಗಂಡ ಮಾತ್ರ ಸಂಜೆಯಾದರೆ ಊಟದ ಮೇಜಿನ ಮೇಲೆ ರೈಫಲ್ಲು ಮಲಗಿಸಿ ಸ್ಕೋಪು ಕೂರಿಸುತ್ತಿದ್ದ. ಗೆರೆ ನೆಟ್ಟಗಿದೆಯೋ ಎಂದು ಮಟ್ಟಗೋಲು ಇಟ್ಟು ನೋಡುವುದು, ತಿರುಪು ಸಡಿಲಿಸುವುದು, ಮತ್ತೆ ಬಿಗಿಯುವುದು. ಅವಳು ಟಾರ್ಚು ಹಿಡಿಯುತ್ತಿದ್ದಳು.

"ಮದುವೆಯಾದಾಗಲೂ ಇಷ್ಟು ಜೋಪಾನವಾಗಿ ನೋಡಿಕೊಂಡಿರಲಿಲ್ಲ ನನ್ನ," ಎಂದಳು ಒಮ್ಮೆ.

"ಆಗ ನಿನಗೆ ಗ್ಯಾರಂಟಿ ಕಾರ್ಡು ಕೊಟ್ಟಿರಲಿಲ್ಲ ನಿಮ್ಮಪ್ಪ."

ಅವಳು ನಕ್ಕಳು. ಟಾರ್ಚಿನ ಬೆಳಕು ಅಲುಗಿತು. ಅವನ ತಲೆ ತುಂಬ ಹತ್ತಿರದಲ್ಲಿತ್ತು. ನೆತ್ತಿಯ ಕೂದಲು ತೆಳುವಾಗಿರುವುದು, ಕಿವಿಯ ಹಿಂದಿನ ಮಚ್ಚೆ, ಎಲ್ಲವನ್ನೂ ಬೇಕೆಂದೇ ನಿಧಾನವಾಗಿ ನೋಡಿದಳು. ಇವನ್ನು ನೆನಪಿಟ್ಟುಕೊಳ್ಳಬೇಕು ಎಂದುಕೊಂಡಳು.

ಭಾನುವಾರ ಇಬ್ಬರೂ ಕ್ಲಬ್ಬಿಗೆ ಹೋದರು. ಅಲ್ಲಿನ ಉಸ್ತುವಾರಿ ಒಬ್ಬ ಮುದುಕ. ಯಾರಿಗೂ ಸಂಬಂಧಿಯಲ್ಲದಿದ್ದರೂ ಎಲ್ಲರ ಬಾಯಲ್ಲೂ ಅವನು ದೊಡ್ಡಪ್ಪ. ಅವಳಿಗೆ ಮೊದಲ ದಿನ ರೈಫಲ್ಲು ಹಿಡಿಯಲು ಕಲಿಸಿದವನೂ ಅವನೇ. ಗುಂಡಿನ ಅಭ್ಯಾಸ ಶುರುವೆಂದು ಸಾರುವ ಕೆಂಪು ಬಾವುಟವನ್ನು ಅವನು ಏರಿಸಿದ. ಅವಳು ಚಾಪೆಯ ಮೇಲೆ ಬೋರಲಾಗಿ ಮಲಗಿ, ಕೆನ್ನೆಯನ್ನು ಹಿಡಿಕೆಗೆ ಒತ್ತಿ, ಕಣ್ಣಿಟ್ಟಳು.

ಆರುನೂರು ಮೀಟರಿನ ಆಚೆ ಬಿಳಿ ಹಲಗೆ. ನಡುವೆ ಕಪ್ಪು ವೃತ್ತ ಇರಬೇಕಾದಲ್ಲಿ ಬೂದು ಬಣ್ಣದ ಉಂಡೆ. ಗುಂಡು ಹಾರಿಸಬಹುದಿತ್ತು. ಅಂದಾಜಿನ ಮೇಲೆ ಒಂದೆರಡು ತಗುಲಿದರೂ ತಗುಲುತ್ತಿದ್ದವು, ಗಂಡ ಚಪ್ಪಾಳೆ ಹೊಡೆಯುತ್ತಿದ್ದ. ಆದರೆ ಕಾಣದ್ದಕ್ಕೆ ಗುಂಡು ಹಾರಿಸಬಾರದೆಂದು ಹೊಸಬರಿಗೆ ಹೇಳಿಕೊಡುವವಳೇ ಅವಳು. ಬಂದೂಕಿನ ಕುದುರೆಯಿಂದ ಬೆರಳು ತೆಗೆದಳು. ಬೋಲ್ಟು ತೆರೆದು, ಗುಂಡು ಹೊರತೆಗೆದು, ಎದ್ದು ಕೂತಳು.

"ಯಾಕೆ?" ಗಂಡ ಪಕ್ಕಕ್ಕೆ ಬಂದ.

"ರೀ, ನನಗೆ ಕಾಣಿಸ್ತಿಲ್ಲ."

"ಏನು ಕಾಣಿಸ್ತಿಲ್ಲ?"

"ಏನೂ. ಅಂಗಡೀಲೂ ಕಾಣಿಸ್ಲಿಲ್ಲ. ನಾಲ್ಕರಲ್ಲೂ ಕಾಣಿಸ್ಲಿಲ್ಲ. ಅಮ್ಮನದೇ ನನಗೂ ಬಂದಿದೆ." ಆಮೇಲೆ ಒಂದೇ ಉಸಿರಿಗೆ ಉಳಿದದ್ದನ್ನೂ ಹೇಳಿದಳು. "ಸೋಮವಾರವೇ ಬಸ್ಸಿನ ಕೀಲಿ ವಾಪಸ್ಸು ಕೊಟ್ಟುಬಿಟ್ಟೆ."

ಅವನು ಕನ್ನಡಕ ಹಣೆಗೇರಿಸಿ ಚಾಪೆಯ ಮೇಲೆ ಮಲಗಿ ಸ್ಕೋಪಿನಲ್ಲಿ ನೋಡಿದ. ವೃತ್ತ ಕೆತ್ತಿಟ್ಟಂತೆ ಕಂಡಿತು, ಗೆರೆ ಕೂದಲಿನಷ್ಟು ತೆಳ್ಳಗಿತ್ತು. ಗಾಜಿನಲ್ಲಿ ತಪ್ಪಿಲ್ಲ. ಎದ್ದು ಅವಳ ಪಕ್ಕ ಜಲ್ಲಿಯ ಮೇಲೇ ಕೂತು ಅವಳ ಮುಂಗೈ ಹಿಡಿದುಕೊಂಡ.

"ಒಂದು ವಾರ ಒಬ್ಬಳೇ ಹೊತ್ಕೊಂಡು ತಿರುಗಿದ್ಯಾ? ನಾನು ಕಣ್ಣು ನೋಡೋನು ಕಣೇ. ಊರೋರಿಗೆಲ್ಲ ನೋಡ್ತೀನಿ."

"ಅದಕ್ಕೇ ಹೇಳ್ಲಿಲ್ಲ. ನೀವು ಗೊತ್ತಾಗ್ಲಿಲ್ವಲ್ಲ ಅಂತ ಕೊರಗ್ತೀರ."

ದೊಡ್ಡಪ್ಪ ಬಂದ. "ಏನು, ಗಂಡ ಹೆಂಡತಿ ಇಲ್ಲೇ ಸಂಸಾರ ಹೂಡಿದ್ರಾ? ಹಿಂದೆ ಜನ ಕಾಯ್ತಿದಾರೆ. ಎಲ್ಲಿ, ಆ ಹೊಸ ಸಾಮಾನು ನಾನೊಮ್ಮೆ ನೋಡ್ತೀನಿ." ಮಂಡಿಯೂರಿ ಕಣ್ಣಿಟ್ಟು, ತಕ್ಷಣ ತಲೆಯೆತ್ತಿದ. "ಥೂ, ಏನಯ್ಯಾ ಇದು! ಹಾಲು ಕುಡಿದಿಟ್ಟ ಲೋಟದ ತಳದಲ್ಲಿ ನೋಡಿದ ಹಾಗಿದೆ."

ಅವಳು ಥಟ್ಟನೆ ತಿರುಗಿದಳು. "ದೊಡ್ಡಪ್ಪಾ, ನಿಮಗೂ ಮಂಜಾ?"

"ಮಂಜಲ್ಲದೆ ಮತ್ತೇನು?"

"ನಿಮ್ಮ ಕಣ್ಣಿಗೂ ವಯಸ್ಸಾಗಿದೆ," ಎಂದ ಗಂಡ, ಅನ್ಯಮನಸ್ಕನಾಗಿ.

"ಏ, ಪೊರೆ ತೆಗೆಸಿ ಇನ್ನೂ ವರ್ಷ ಆಗಿಲ್ಲ. ನೀನೇ ತಾನೇ ಕೂರಿಸಿ ಅಕ್ಷರ ಓದಿಸಿ, ದೊಡ್ಡಪ್ಪ, ದೂರಕ್ಕೆ ನಿಮಗೆ ಕನ್ನಡಕವೇ ಬೇಡ ಅಂದಿದ್ದು?"

ಅದು ನಿಜವಾಗಿತ್ತು. ದೂರದೃಷ್ಟಿಯಲ್ಲಿ ಪೇಟೆಯಲ್ಲೇ ಒಳ್ಳೆಯ ಕಣ್ಣು ಈಗ ದೊಡ್ಡಪ್ಪನದು. ಗಂಡನ ಕೈ ಮೆಲ್ಲಗೆ ಹಣೆಗೆ ಹೋಯಿತು. ಅಲ್ಲಿ ಅವನ ದಪ್ಪ ಗಾಜಿನ ಕನ್ನಡಕವಿತ್ತು.

"ಅಯ್ಯೋ," ಎಂದ.

"ಏನು?"

"ಅಯ್ಯೋ, ಉಂಗುರಾನ ನನ್ನ ನಂಬರಿಗೆ ಇಟ್ಟುಬಿಟ್ಟಿದೀನಿ. ನಾಲ್ಕನ್ನೂ. ಹದ ಮಾಡಿ, ಬಿಗಿ ಮಾಡಿ, ಒರೆಸಿ ಬೇರೆ ಕೊಟ್ಟೆ! ಕನ್ನಡಕ ಇಲ್ಲದ ನನ್ನ ಕುರುಡುಗಣ್ಣಿಗೆ ಹೊಂದಿಸಿದ್ದು ನಿನಗೆಲ್ಲಿಂದ ಕಾಣಬೇಕು?"

ಅವಸರದಲ್ಲಿ ಅವನಿಗೆ ಬಿಗಿಯುಂಗುರ ಬಿಚ್ಚಲು ಬರಲಿಲ್ಲ. ಅವಳೇ ಬಿಚ್ಚಿದಳು.

"ಹಲಗೆ ನೋಡಬೇಡ, ಆಕಾಶ ನೋಡು. ನಿಧಾನವಾಗಿ ತಿರುಗಿಸ್ತಾ ಹೋಗು. ಗೆರೆ ಕರ್ರಗಾದ ಕಡೆ ನಿಲ್ಲಿಸು. ನಾನು ಮುಟ್ಟಲ್ಲ."

ಅವಳು ತಿರುಗಿಸಿದಳು. ಹರಡಿದ್ದ ಮಸಿ ಎಳೆಎಳೆಯಾಗಿ ಒಂದೆಡೆ ಸೇರಿತು. ಇನ್ನಷ್ಟು ತಿರುಗಿಸಿದಳು. ಆಕಾಶದ ಮೇಲೆ ಎರಡು ಗೆರೆಗಳು, ಕಾಡಿಗೆಯಷ್ಟು ಕಪ್ಪು, ಸಂಧಿಸಿದ ಬಿಂದು ಚುಚ್ಚುವಷ್ಟು ಚೂಪು. ನಳಿಗೆ ಇಳಿಸಿ ಹಲಗೆಯತ್ತ ತಿರುಗಿದಳು. ವೃತ್ತ ಅಲ್ಲಿತ್ತು. ಹಲಗೆಯಲ್ಲಿ ಹಿಂದಿನವರ ಗುಂಡಿನ ತೂತುಗಳಿಗೆ ಅಂಟಿಸಿದ್ದ ಕಾಗದದ ತೇಪೆಗಳೂ ಕಂಡವು.

"ರೀ," ಎಂದಳು. ಮುಖವನ್ನು ಹಿಡಿಕೆಗೆ ಒತ್ತಿಕೊಂಡು ಅತ್ತಳು. ಅವನು ಬೆನ್ನು ಸವರಿದ. ದೊಡ್ಡಪ್ಪ ಬಾವುಟ ಸರಿಮಾಡುವ ನೆಪದಲ್ಲಿ ಅತ್ತ ಹೋದ.

ಅಳು ನಿಂತ ಮೇಲೆ ಸಿಟ್ಟು ಬಂತು. "ಊರಿಗೆಲ್ಲ ಬೇರೆಬೇರೆ ನಂಬರು, ಹೆಂಡತಿಗೆ ಮಾತ್ರ ನಿಮ್ಮದೇ ನಂಬರಾ? ಆ ಅಂಗಡಿಯವನು ಪಾಪ ಕೈ ಚಾಚಿದ್ದ. ಇದು ನನ್ನ ಕಸುಬು ಅಂದ್ರಲ್ಲ ದೊಡ್ಡದಾಗಿ!"

"ಬೈ, ಚೆನ್ನಾಗಿ ಬೈ. ಆದ್ರೆ ನೀನೂ ಸ್ಪಷ್ಟವಾಗಿ ಅಂದ್ಯಲ್ಲ ಕಣೇ."

"ನಿಮ್ಮ ಮುಖ ನೋಡಿ ಅಂದೆ."

"ಇನ್ಮೇಲೆ ಗಾಜು ನೋಡಿ ಹೇಳು. ನನ್ನ ಮುಖ ಹಾಳಾಗಲಿ." ಕನ್ನಡಕವನ್ನು ಮೂಗಿಗಿಳಿಸಿ ಕೇಳಿದ, "ನಾಳೆ ನನ್ನ ಕುರ್ಚೀಲಿ ಕೂರ್ತೀಯಾ? ಇಷ್ಟು ವರ್ಷ ನೀನೂ ಕೂರ್ಲಿಲ್ಲ, ನಾನೂ ಕರೀಲಿಲ್ಲ. ನಿಮ್ಮಮ್ಮನ ನೆನಪಾಗಿ ನನಗೂ ಭಯ ಇತ್ತು."

ಅವಳು ಅವನನ್ನು ನೋಡಿದಳು. ಈ ಮಾತು ಅವನು ಹಿಂದೆಂದೂ ಆಡಿರಲಿಲ್ಲ.

"ಕೂರ್ತೀನಿ," ಎಂದಳು. "ಈಗ ಸರೀರಿ ಆಚೆ, ನೆರಳು ಬೀಳ್ತಿದೆ."

ಅಂದು ಅವಳು ಹಾರಿಸಿದ ಗುಂಡುಗಳಲ್ಲಿ ಎರಡನ್ನು ಗಾಳಿ ಎಡಕ್ಕೆ ಒಯ್ದಿತು. ಉಳಿದವು ವೃತ್ತದೊಳಗೆ ಬಿದ್ದವು.

ಮರುದಿನ ಗಂಡ ಮೊದಲ ಗಿರಾಕಿಗಿಂತ ಮುಂಚೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕೊನೆಯ ಸಾಲಿನವರೆಗೂ ಓದಿಸಿದ. ಹತ್ತಿರದ ನೋಟಕ್ಕೆ ಕನ್ನಡಕ ಬೇಕಾಗಿತ್ತು, ದೂರಕ್ಕೆ ಏನೂ ಬೇಕಿರಲಿಲ್ಲ. ಮಧ್ಯಾಹ್ನ ಕಣ್ಣಿನ ಡಾಕ್ಟರು ಹನಿ ಹಾಕಿ ನೋಡಿದರು. ಅಮ್ಮನ ಕಾಯಿಲೆಯ ಗುರುತಿಲ್ಲ, ಎಡಗಣ್ಣಿನಲ್ಲಿ ಪೊರೆಯ ಸಣ್ಣ ಆರಂಭವಿದೆ, ವರ್ಷಕ್ಕೊಮ್ಮೆ ತೋರಿಸಿದರೆ ಸಾಕು ಎಂದು ಬರೆದುಕೊಟ್ಟರು. ಬುಧವಾರ ಬೆಳಿಗ್ಗೆ ಅವಳು ಮತ್ತೆ ಬಸ್ಸು ಓಡಿಸಿದಳು.